ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ರೆಡಾಕ್ಸ್ ಸಮೀಕರಣಗಳಲ್ಲಿ ಎಲೆಕ್ಟ್ರಾನುಗಳ ಲೆಕ್ಕ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಉತ್ಕರ್ಷಣ (ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದು) ಮತ್ತು ಅಪಕರ್ಷಣ (ಎಲೆಕ್ಟ್ರಾನುಗಳನ್ನು ಪಡೆಯುವುದು) ಜೊತೆಯಾಗಿ ನಡೆಯುವ ರೆಡಾಕ್ಸ್ ಕ್ರಿಯೆಗಳಿಗೆ ಸಂಬಂಧಿಸಿದವಾದ್ದರಿಂದ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೇಳಿದವರಲ್ಲಿ ವಿದ್ಯಾರ್ಥಿಗಳಲ್ಲದವರೂ ಇರುವುದರಿಂದ ರಾಸಾಯನಿಕ ಸೂತ್ರಗಳ ಬದಲು ವಸ್ತುಗಳ ಹೆಸರುಗಳನ್ನೇ ಬಳಸಿ ಸಮೀಕರಣಗಳನ್ನು ಬರೆದಿದ್ದೇನೆ. ವಿದ್ಯಾರ್ಥಿಗಳು ಅವನ್ನು ಸೂತ್ರಗಳಲ್ಲಿ ಬರೆದುಕೊಂಡು, ಪ್ರತಿಯೊಂದು ಸಂಖ್ಯೆಯನ್ನೂ ಸ್ವತಃ ಪರೀಕ್ಷಿಸಿ ನೋಡಬೇಕೆಂದು ಕೋರುತ್ತೇನೆ.

ಪ್ರಶ್ನೆ: ತಾಮ್ರದ ತಂತಿಯನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಇಟ್ಟಾಗ ನಡೆಯುವ ಕ್ರಿಯೆಗೆ ‘ತಾಮ್ರ + ಬೆಳ್ಳಿಯ ಅಯಾನು → ತಾಮ್ರದ ಅಯಾನು + ಬೆಳ್ಳಿ’ ಎಂದು ಬರೆದೆ. ಎರಡೂ ಕಡೆಗಳಲ್ಲಿ ತಾಮ್ರವೂ ಒಂದು, ಬೆಳ್ಳಿಯೂ ಒಂದು. ಆದರೂ ಅಂಕ ಸಿಗಲಿಲ್ಲ. ಇದರಲ್ಲಿ ತಪ್ಪೇನು? ಪರ್ಮ್ಯಾಂಗನೇಟಿನಂಥ ದೊಡ್ಡ ಸಮೀಕರಣಗಳನ್ನು ಊಹೆಯಿಂದ ಸರಿದೂಗಿಸಲು ಹೋಗಿ ದಾರಿ ತಪ್ಪುತ್ತದೆ. ಬೇರೆ ಕ್ರಮವಿದೆಯೇ?
(ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಕಾರ್ಕಳ)

ಉತ್ತರ: ನೀವು ಪರಮಾಣುಗಳನ್ನು ಎಣಿಸಿದ್ದೀರಿ, ವಿದ್ಯುದಾವೇಶವನ್ನು ಎಣಿಸಿಲ್ಲ. ಆವೇಶ ಹೊತ್ತ ಪರಮಾಣುವನ್ನು ಅಥವಾ ಪರಮಾಣುಗಳ ಗುಂಪನ್ನು ಅಯಾನು ಎನ್ನುತ್ತೇವೆ. ಬೆಳ್ಳಿಯ ಅಯಾನಿನ ಮೇಲೆ ಒಂದು ಧನ ಆವೇಶವಿದ್ದರೆ ತಾಮ್ರದ ಅಯಾನಿನ ಮೇಲೆ ಎರಡು ಧನ ಆವೇಶಗಳಿವೆ. ಹೀಗಾಗಿ ನೀವು ಬರೆದಿರುವ ಸಮೀಕರಣದ ಎಡಗಡೆಯ ಒಟ್ಟು ಆವೇಶ 1, ಬಲಗಡೆಯದು 2. ಪರಮಾಣು ಹೇಗೆ ಶೂನ್ಯದಿಂದ ಹುಟ್ಟುವುದಿಲ್ಲವೋ ಆವೇಶವೂ ಹಾಗೆಯೇ ಹುಟ್ಟುವುದಿಲ್ಲ. ತಾಮ್ರದ ಒಂದು ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಬೆಳ್ಳಿಯ ಒಂದು ಅಯಾನು ಅವುಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳಬಲ್ಲದು. ಆದ್ದರಿಂದ ತಾಮ್ರದ ಒಂದು ಪರಮಾಣುವಿಗೆ ಬೆಳ್ಳಿಯ ಎರಡು ಅಯಾನುಗಳು ಬೇಕೇ ಬೇಕು.

ತಾಮ್ರ + 2 ಬೆಳ್ಳಿಯ ಅಯಾನು → ತಾಮ್ರದ ಅಯಾನು + 2 ಬೆಳ್ಳಿ

ಸಹಕಾರಿ ಸಂಘದ ಲೆಕ್ಕಪುಸ್ತಕದಲ್ಲಿ ಒಬ್ಬರ ಖಾತೆಯಿಂದ ಹೊರಟ ಹಣ ಮತ್ತೊಬ್ಬರ ಖಾತೆಗೆ ಜಮಾ ಆಗಿರಲೇಬೇಕಾದಂತೆ, ರೆಡಾಕ್ಸ್ ಕ್ರಿಯೆಯಲ್ಲಿ ಒಂದು ವಸ್ತು ಕಳೆದುಕೊಂಡ ಎಲೆಕ್ಟ್ರಾನುಗಳೆಲ್ಲ ಮತ್ತೊಂದು ವಸ್ತುವಿನಲ್ಲಿ ಸೇರಿರಬೇಕು, ನಡುವೆ ಒಂದೂ ಉಳಿಯಬಾರದು. ಸರಿದೂಗಿಸುವ ಎಲ್ಲ ವಿಧಾನಗಳೂ ಈ ಒಂದೇ ಲೆಕ್ಕದ ಬೇರೆ ಬೇರೆ ರೂಪಗಳು.

ಈಗ ಪರ್ಮ್ಯಾಂಗನೇಟಿನ ವಿಚಾರಕ್ಕೆ ಬರೋಣ. ಆಮ್ಲೀಯ ದ್ರಾವಣದಲ್ಲಿ ಪರ್ಮ್ಯಾಂಗನೇಟ್ ಅಯಾನು ಫೆರಸ್ ಅಯಾನನ್ನು ಫೆರಿಕ್ ಅಯಾನಾಗಿ ಬದಲಾಯಿಸಿ, ತಾನು ಮ್ಯಾಂಗನಸ್ ಅಯಾನಾಗಿ ಬದಲಾಗುತ್ತದೆ. ಇದನ್ನು ಇಡಿಯಾಗಿ ಹಿಡಿಯಲು ಹೋದರೆ ಊಹೆಯೇ ಗತಿಯಾಗುತ್ತದೆ. ಎಲೆಕ್ಟ್ರಾನ್ ಕೊಡುವ ಭಾಗ, ಪಡೆಯುವ ಭಾಗ ಎಂಬ ಎರಡು ಅರ್ಧ ಕ್ರಿಯೆಗಳಾಗಿ ಒಡೆದುಕೊಂಡರೆ ಊಹಿಸಬೇಕಾದ್ದು ಏನೂ ಇರುವುದಿಲ್ಲ. ಕಬ್ಬಿಣದ ಅರ್ಧ ಸುಲಭವಾದದ್ದು. ಎರಡು ಧನ ಆವೇಶಗಳ ಫೆರಸ್ ಅಯಾನು ಒಂದು ಎಲೆಕ್ಟ್ರಾನನ್ನು ಬಿಟ್ಟು ಮೂರು ಧನ ಆವೇಶಗಳ ಫೆರಿಕ್ ಅಯಾನಾಗುತ್ತದೆ.

ಮ್ಯಾಂಗನೀಸಿನ ಅರ್ಧದಲ್ಲಿ ಸ್ವಲ್ಪ ಕೆಲಸವಿದೆ. ಪರ್ಮ್ಯಾಂಗನೇಟಿನಲ್ಲಿ ನಾಲ್ಕು ಆಕ್ಸಿಜನ್ ಪರಮಾಣುಗಳಿವೆ, ಮ್ಯಾಂಗನಸ್ ಅಯಾನಿನಲ್ಲಿ ಒಂದೂ ಇಲ್ಲ. ಕ್ರಿಯೆ ನಡೆಯುತ್ತಿರುವುದು ನೀರಿನಲ್ಲಿ ಆದ್ದರಿಂದ ಆ ನಾಲ್ಕು ಆಕ್ಸಿಜನ್‌ಗಳು ನಾಲ್ಕು ನೀರಿನ ಅಣುಗಳಾಗಿ ಬಲಗಡೆಗೆ ಬರುತ್ತವೆ. ನಾಲ್ಕು ನೀರಿಗೆ ಎಂಟು ಹೈಡ್ರೋಜನ್ ಬೇಕು. ಅವು ದ್ರಾವಣದಲ್ಲಿರುವ ಆಮ್ಲದಿಂದ ಎಂಟು ಹೈಡ್ರೋಜನ್ ಅಯಾನುಗಳಾಗಿ ಎಡಗಡೆಯಿಂದ ಸಿಗುತ್ತವೆ. ಇಷ್ಟಾದ ಮೇಲೆ ಆವೇಶವನ್ನು ಕೂಡಿಸಿ ನೋಡಿದರೆ ಎಡಗಡೆ ಪರ್ಮ್ಯಾಂಗನೇಟಿನ ಒಂದು ಋಣ ಮತ್ತು ಹೈಡ್ರೋಜನ್ ಅಯಾನುಗಳ ಎಂಟು ಧನ ಸೇರಿ ಏಳು ಧನ, ಬಲಗಡೆ ಮ್ಯಾಂಗನಸ್ ಅಯಾನಿನ ಎರಡು ಧನ ಮಾತ್ರ. ಏಳನ್ನು ಎರಡಕ್ಕೆ ಇಳಿಸಲು ಎಡಗಡೆಗೆ ಐದು ಎಲೆಕ್ಟ್ರಾನುಗಳು ಬೇಕು.

ಪರ್ಮ್ಯಾಂಗನೇಟ್ + 8 ಹೈಡ್ರೋಜನ್ ಅಯಾನು + 5 ಎಲೆಕ್ಟ್ರಾನ್ → ಮ್ಯಾಂಗನಸ್ ಅಯಾನು + 4 ನೀರು

ಇಲ್ಲಿ ಬೇಕಾದವು ಐದು, ಫೆರಸ್ ಕೊಡುವುದು ಒಂದು. ಆದ್ದರಿಂದ ಕಬ್ಬಿಣದ ಅರ್ಧ ಕ್ರಿಯೆಯನ್ನು ಐದರಿಂದ ಗುಣಿಸಿ ಎರಡನ್ನೂ ಕೂಡಿಸಿದಾಗ ಎಲೆಕ್ಟ್ರಾನುಗಳು ಪರಸ್ಪರ ವಜಾ ಆಗಿ, ಕೆಳಗಿನ ಸಮೀಕರಣ ಉಳಿಯುತ್ತದೆ.

ಪರ್ಮ್ಯಾಂಗನೇಟ್ + 5 ಫೆರಸ್ + 8 ಹೈಡ್ರೋಜನ್ ಅಯಾನು → ಮ್ಯಾಂಗನಸ್ + 5 ಫೆರಿಕ್ + 4 ನೀರು

ಎರಡೂ ಕಡೆಗಳಲ್ಲಿ ಒಟ್ಟು ಆವೇಶ 17 ಧನ. ಪರೀಕ್ಷೆಯಲ್ಲಿ ಉತ್ತರವನ್ನು ಒಪ್ಪಿಸುವ ಮೊದಲು ಈ ಕೊನೆಯ ಕೂಡಿಕೆಯನ್ನು ಮಾಡುವ ಅಭ್ಯಾಸವನ್ನು ಬೆಳೆಸಿಕೊಳ್ಳಿ, ಏಕೆಂದರೆ ಎಣಿಕೆಯ ಸಣ್ಣ ತಪ್ಪುಗಳು ಬೇರೆಲ್ಲೂ ಕಾಣದಿದ್ದರೂ ಇಲ್ಲಿ ಕಾಣಿಸುತ್ತವೆ. ಕ್ರಮವನ್ನೂ ಬದಲಿಸಬೇಡಿ: ಮೊದಲು ಮುಖ್ಯ ಧಾತು, ನಂತರ ನೀರಿನಿಂದ ಆಕ್ಸಿಜನ್, ನಂತರ ಹೈಡ್ರೋಜನ್, ಎಲ್ಲಕ್ಕೂ ಕೊನೆಯಲ್ಲಿ ಎಲೆಕ್ಟ್ರಾನ್.

ಪ್ರಶ್ನೆ: ಕಬ್ಬಿಣದ ಪ್ರಮಾಣವನ್ನು ಅಳೆಯಲು ಬ್ಯುರೆಟ್ ಎಂಬ ಅಳತೆಯ ಗಾಜಿನ ನಳಿಕೆಯಿಂದ ಪರ್ಮ್ಯಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಇಳಿಸುವ ಟೈಟ್ರೇಷನ್ ಮಾಡುವಾಗ ಕೆಲವೊಮ್ಮೆ ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಬಣ್ಣದ ಬದಲು ಕಂದು ಬಣ್ಣದ ಕದಡು ಕಾಣಿಸುತ್ತದೆ. ನೀರು ಬೆರೆಸಿ ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲವನ್ನೇ ಹಾಕಬೇಕು, ಬೇರೆ ಆಮ್ಲ ಆಗದು ಎನ್ನುತ್ತಾರೆ. ಆಮ್ಲವೆಂದ ಮೇಲೆ ಎಲ್ಲದರಲ್ಲೂ ಹೈಡ್ರೋಜನ್ ಅಯಾನು ಇರುವುದಿಲ್ಲವೇ?
(ದ್ವಿತೀಯ ಪಿಯುಸಿ ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಕಂದು ಕದಡು ಮ್ಯಾಂಗನೀಸ್ ಡೈ ಆಕ್ಸೈಡ್. ಮೇಲಿನ ಉತ್ತರದಲ್ಲಿ ಒಂದು ಪರ್ಮ್ಯಾಂಗನೇಟಿಗೆ ಎಂಟು ಹೈಡ್ರೋಜನ್ ಅಯಾನುಗಳು ಬೇಕಾದದ್ದನ್ನು ನೋಡಿದಿರಿ. ಆಮ್ಲ ಕಡಿಮೆಯಾದಾಗ ಪರ್ಮ್ಯಾಂಗನೇಟ್ ಐದು ಎಲೆಕ್ಟ್ರಾನುಗಳವರೆಗೆ ಹೋಗದೆ ಮೂರಕ್ಕೇ ನಿಂತುಬಿಡುತ್ತದೆ.

ಪರ್ಮ್ಯಾಂಗನೇಟ್ + 4 ಹೈಡ್ರೋಜನ್ ಅಯಾನು + 3 ಎಲೆಕ್ಟ್ರಾನ್ → ಮ್ಯಾಂಗನೀಸ್ ಡೈ ಆಕ್ಸೈಡ್ + 2 ನೀರು

ಇದರ ಪರಿಣಾಮ ಬಣ್ಣ ಕೆಡುವುದಷ್ಟೇ ಅಲ್ಲ. ಒಂದು ಪರ್ಮ್ಯಾಂಗನೇಟ್ ಐದು ಫೆರಸ್ ಅಯಾನುಗಳ ಬದಲು ಮೂರನ್ನು ಮಾತ್ರ ಉತ್ಕರ್ಷಿಸಿದರೆ, ಅಷ್ಟೇ ಕಬ್ಬಿಣಕ್ಕೆ ಬ್ಯುರೆಟ್‌ನಿಂದ ಹೆಚ್ಚು ದ್ರಾವಣ ಇಳಿಯುತ್ತದೆ. ನೀವು ಒಂದಕ್ಕೆ ಐದರ ಲೆಕ್ಕದಲ್ಲೇ ಗುಣಿಸುವುದರಿಂದ ಪರೀಕ್ಷೆಗೆ ತೆಗೆದುಕೊಂಡ ಮೋರ್ ಲವಣದಲ್ಲಿ (ಫೆರಸ್ ಕಬ್ಬಿಣವಿರುವ ಒಂದು ಲವಣ) ಇರುವುದಕ್ಕಿಂತ ಹೆಚ್ಚು ಕಬ್ಬಿಣ ಇದೆಯೆಂಬ ಉತ್ತರ ಬರುತ್ತದೆ.

ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳೇನೋ ಇವೆ, ಆದರೆ ಅದರ ಕ್ಲೋರೈಡ್ ಅಯಾನು ಕೂಡ ಪರ್ಮ್ಯಾಂಗನೇಟಿಗೆ ಎಲೆಕ್ಟ್ರಾನುಗಳನ್ನು ಕೊಟ್ಟು ಕ್ಲೋರಿನ್ ಆಗುತ್ತದೆ. ಆಗ ಪರ್ಮ್ಯಾಂಗನೇಟಿನ ಒಂದು ಪಾಲು ಕಬ್ಬಿಣಕ್ಕೆ ಸಂಬಂಧಿಸದ ಕೆಲಸಕ್ಕೆ ವ್ಯಯವಾಗುತ್ತದೆ. ನೈಟ್ರಿಕ್ ಆಮ್ಲದ ತೊಂದರೆ ಇದಕ್ಕೆ ವಿರುದ್ಧವಾದದ್ದು, ಅದು ತಾನೇ ಉತ್ಕರ್ಷಣಕಾರಿಯಾಗಿ ಫೆರಸ್ ಅಯಾನಿನ ಎಲೆಕ್ಟ್ರಾನನ್ನು ತೆಗೆದುಕೊಳ್ಳಬಲ್ಲದು. ಸಲ್ಫೇಟ್ ಅಯಾನು ದುರ್ಬಲ ದ್ರಾವಣದಲ್ಲಿ ಎಲೆಕ್ಟ್ರಾನನ್ನು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅದಕ್ಕಾಗಿಯೇ ಆ ಆಮ್ಲವನ್ನು ಆರಿಸಿರುವುದು.

ನೈಟ್ರಿಕ್ ಆಮ್ಲದ ವಿಚಾರ ಬಂದದ್ದರಿಂದ ವಿದ್ಯಾರ್ಥಿಗಳು ಮೇಲಿಂದ ಮೇಲೆ ತಪ್ಪುವ ಒಂದು ಸಮೀಕರಣವನ್ನೂ ಹೇಳಿಬಿಡುತ್ತೇನೆ. ತಾಮ್ರವು ದುರ್ಬಲ ನೈಟ್ರಿಕ್ ಆಮ್ಲದೊಡನೆ ವರ್ತಿಸಿದಾಗ 3 ತಾಮ್ರಕ್ಕೆ 8 ನೈಟ್ರಿಕ್ ಆಮ್ಲ ಬೇಕಾಗುತ್ತದೆ. ಆದರೆ ಆ ಎಂಟರಲ್ಲಿ ಎಲೆಕ್ಟ್ರಾನುಗಳನ್ನು ಪಡೆದು ನೈಟ್ರಿಕ್ ಆಕ್ಸೈಡ್ ಆಗುವವು 2 ಮಾತ್ರ. ಉಳಿದ 6 ನೈಟ್ರೇಟ್‌ಗಳು ಬದಲಾಗದೆ ಕಾಪರ್ ನೈಟ್ರೇಟಿನಲ್ಲಿ ಸೇರುತ್ತವೆ. ಎಲೆಕ್ಟ್ರಾನುಗಳನ್ನು ಎಣಿಸುವಾಗ ಎಂಟನ್ನೂ ಹಿಡಿದರೆ ಲೆಕ್ಕ ಎಂದಿಗೂ ಕೂಡಿಬರುವುದಿಲ್ಲ. ಪ್ರಬಲ ಆಮ್ಲದಲ್ಲಾದರೆ ನೈಟ್ರಿಕ್ ಆಕ್ಸೈಡಿನ ಬದಲು ಕಂದು ಬಣ್ಣದ ನೈಟ್ರೋಜನ್ ಡೈ ಆಕ್ಸೈಡ್ ಹೊರಡುತ್ತದೆ, ಸಂಖ್ಯೆಗಳೂ ಬದಲಾಗುತ್ತವೆ. ಯಾವ ಉತ್ಪನ್ನ ಬರುತ್ತದೆ ಎಂಬುದನ್ನು ಸಮೀಕರಣ ಹೇಳಲಾರದು. ಅದನ್ನು ಪ್ರಯೋಗದಿಂದಲೇ ತಿಳಿಯಬೇಕು.

ಪ್ರಶ್ನೆ: ನಮ್ಮದು ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿ. ಸೇದಿದಾಗ ನೀರು ತಿಳಿಯಾಗಿರುತ್ತದೆ, ಕೊಡಪಾನದಲ್ಲಿ ಇಟ್ಟು ಮರುದಿನ ನೋಡಿದರೆ ಕಂದು ಬಣ್ಣದ ಕೆಸರು ತಳದಲ್ಲಿ ಕುಳಿತಿರುತ್ತದೆ. ಮಳೆಗಾಲದ ನಂತರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರು ಕೂಡಲೇ ಕೆಂಪಾಯಿತು, ಪೌಡರಿನ ವಾಸನೆ ಮಾತ್ರ ಬರಲಿಲ್ಲ. ಇದು ಏಕೆ?
(ಗೃಹಿಣಿ, ಹಿರಿಯಡ್ಕ)

ಉತ್ತರ: ತಾವು ಗಮನವಿಟ್ಟು ನೋಡಿ ಬರೆದಿರುವ ಎರಡು ಸಂಗತಿಗಳೂ ರೆಡಾಕ್ಸ್ ಕ್ರಿಯೆಗಳೇ, ಮತ್ತು ಎರಡನೆಯದು ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ನೆಲದಡಿಯ ನೀರಿಗೆ ಗಾಳಿ ತಾಗದಿರುವಾಗ ಕಬ್ಬಿಣವು ಫೆರಸ್ ರೂಪದಲ್ಲಿ ಕರಗಿಕೊಂಡಿರುತ್ತದೆ. ಆ ರೂಪಕ್ಕೆ ಕಣ್ಣಿಗೆ ಕಾಣುವ ಬಣ್ಣವಿಲ್ಲ. ಸೇದಿದ ಮೇಲೆ ನೀರಿಗೆ ಗಾಳಿಯ ಆಕ್ಸಿಜನ್ ಸೇರುತ್ತದೆ. ಒಂದು ಆಕ್ಸಿಜನ್ ಅಣು ನಾಲ್ಕು ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತದೆ, ಒಂದು ಫೆರಸ್ ಅಯಾನು ಒಂದನ್ನು ಕೊಡುತ್ತದೆ. ಹೀಗೆ ಉಂಟಾದ ಫೆರಿಕ್ ಕಬ್ಬಿಣ ನೀರಿನಲ್ಲಿ ಕರಗಿ ಉಳಿಯಲಾರದೆ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಇಳಿಯುತ್ತದೆ.

4 ಫೆರಸ್ ಅಯಾನು + ಆಕ್ಸಿಜನ್ + 10 ನೀರು → 4 ಫೆರಿಕ್ ಹೈಡ್ರಾಕ್ಸೈಡ್ + 8 ಹೈಡ್ರೋಜನ್ ಅಯಾನು

ತೂಕದ ಲೆಕ್ಕದಲ್ಲಿ ಹೇಳುವುದಾದರೆ 1 ಮಿಲಿಗ್ರಾಂ ಆಕ್ಸಿಜನ್ 7 ಮಿಲಿಗ್ರಾಂ ಕಬ್ಬಿಣಕ್ಕೆ ಸಾಕು. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಇದಕ್ಕಿಂತ ಹೆಚ್ಚೇ ಆಕ್ಸಿಜನ್ ಇರುತ್ತದೆ. ಹಾಗಿದ್ದರೂ ಮರುದಿನದವರೆಗೆ ಕಾಯಬೇಕಾಗಿರುವುದು ನೀರಿನ ಹುಳಿಯಿಂದ. ಈ ಕ್ರಿಯೆಯ ವೇಗ ನೀರಿನ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) ಒಂದು ಅಂಶ ಏರಿದರೆ ಸುಮಾರು ನೂರು ಪಟ್ಟು ಹೆಚ್ಚುತ್ತದೆ, ಒಂದು ಅಂಶ ಇಳಿದರೆ ಅಷ್ಟೇ ತಗ್ಗುತ್ತದೆ. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವಾಗಿರುವುದರಿಂದ ಕ್ರಿಯೆ ನಿಧಾನವಾಗುತ್ತದೆ.

ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಗಾಳಿಯಂತೆ ಕಾಯುವುದಿಲ್ಲ, ಫೆರಸ್ ಕಬ್ಬಿಣದ ಎಲೆಕ್ಟ್ರಾನುಗಳನ್ನು ಕೂಡಲೇ ತೆಗೆದುಕೊಳ್ಳುತ್ತದೆ. ನೀರಿನಲ್ಲಿ ಅದು ಹೈಪೋಕ್ಲೋರಸ್ ಆಮ್ಲವಾಗಿರುತ್ತದೆ.

2 ಫೆರಸ್ ಅಯಾನು + ಹೈಪೋಕ್ಲೋರಸ್ ಆಮ್ಲ + 5 ನೀರು → 2 ಫೆರಿಕ್ ಹೈಡ್ರಾಕ್ಸೈಡ್ + ಕ್ಲೋರೈಡ್ + 5 ಹೈಡ್ರೋಜನ್ ಅಯಾನು

ಇದನ್ನು ತೂಕಕ್ಕೆ ಇಳಿಸಿದರೆ 1 ಮಿಲಿಗ್ರಾಂ ಕಬ್ಬಿಣ ಸುಮಾರು 0.63 ಮಿಲಿಗ್ರಾಂ ಕ್ಲೋರಿನನ್ನು ನುಂಗಿಹಾಕುತ್ತದೆ ಎಂದಾಯಿತು. ಬಾವಿಗೆ ಸಾಮಾನ್ಯವಾಗಿ 1000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕುವ ಪ್ರಮಾಣವಿದೆ; ಅದರಿಂದ ಪ್ರತಿ ಲೀಟರಿಗೆ ಸಿಗುವ ಕ್ಲೋರಿನ್ ಸುಮಾರು 0.7 ಮಿಲಿಗ್ರಾಂ. ತಮ್ಮ ಬಾವಿಯ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಕಬ್ಬಿಣ ಇದ್ದರೂ ಸಾಕು, ಹಾಕಿದ ಕ್ಲೋರಿನ್ ಬಹುತೇಕ ಎಲ್ಲವೂ ಕಬ್ಬಿಣಕ್ಕೇ ಮುಗಿದುಹೋಗಿ ರೋಗಾಣುಗಳನ್ನು ಕೊಲ್ಲಲು ಏನೂ ಉಳಿಯುವುದಿಲ್ಲ. ವಾಸನೆ ಬಾರದೆ ಇದ್ದದ್ದು ಅದರ ಗುರುತು. ಪೌಡರ್ ಹಾಕಿದ್ದೇವೆಂಬ ಧೈರ್ಯದಿಂದ ಆ ನೀರನ್ನು ಹಾಗೆಯೇ ಕುಡಿಯುವುದು ಅಪಾಯಕರವೆಂದು ಒತ್ತಿ ಹೇಳಬೇಕಾಗಿದೆ.

ಇದಕ್ಕೆ ಪರಿಹಾರವೆಂದರೆ ಕುಡಿಯುವ ನೀರನ್ನು ಮೊದಲು ಎತ್ತರದಿಂದ ಸುರಿದು ಗಾಳಿಯಾಡಿಸಿ, ಕೆಸರು ಕೂರಲು ಬಿಟ್ಟು, ಮರಳಿನ ಮೂಲಕ ಸೋಸಿ, ಆಮೇಲೆ ಕ್ಲೋರಿನ್ ಹಾಕುವುದು. ಹಾಕಿ ಅರ್ಧ ಗಂಟೆಯ ನಂತರವೂ ಲೀಟರಿಗೆ 0.5 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕು. ಬಾವಿಗೇ ಹಾಕುವುದಾದರೆ ನೀರಿನ ಕಬ್ಬಿಣವನ್ನು ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕಂತೆ ಪೌಡರಿನ ಪ್ರಮಾಣವನ್ನು ಹೆಚ್ಚಿಸಬೇಕು. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ.

ಪ್ರಶ್ನೆ: ಕ್ಲೋರಿನ್ ಮತ್ತು ಕ್ಷಾರದ ಕ್ರಿಯೆಯಲ್ಲಿ ಎಡಗಡೆ ಕ್ಲೋರಿನ್ ಒಂದೇ ಇದೆ. ಎಲೆಕ್ಟ್ರಾನನ್ನು ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು? ಇಂಥ ಪ್ರತ್ಯಾಮ್ಲ (ಕ್ಷಾರೀಯ) ಮಾಧ್ಯಮದಲ್ಲಿ ಹೈಡ್ರೋಜನ್ ಅಯಾನನ್ನು ಹೇಗೆ ಬರೆಯುವುದು?
(ಪ್ರಥಮ ಪಿಯುಸಿ ವಿದ್ಯಾರ್ಥಿ, ಮೂಡುಬಿದಿರೆ)

ಉತ್ತರ: ಎರಡೂ ಪಾತ್ರಗಳು ಕ್ಲೋರಿನಿನದೇ. ಅದರ ಕೆಲವು ಪರಮಾಣುಗಳು ಎಲೆಕ್ಟ್ರಾನ್ ಪಡೆದು ಕ್ಲೋರೈಡ್ ಆಗುತ್ತವೆ, ಉಳಿದವು ಕಳೆದುಕೊಳ್ಳುತ್ತವೆ. ಕ್ಲೋರಿನನ್ನೇ ಎರಡೂ ಅರ್ಧ ಕ್ರಿಯೆಗಳ ಎಡಗಡೆ ಬರೆದು ಎಂದಿನಂತೆ ಮುಂದುವರಿಯಿರಿ. ಮೊದಲು ಆಮ್ಲೀಯ ದ್ರಾವಣವೆಂದೇ ತಿಳಿದು ಸರಿದೂಗಿಸಿ, ಕೊನೆಗೆ ಎಷ್ಟು ಹೈಡ್ರೋಜನ್ ಅಯಾನುಗಳಿವೆಯೋ ಅಷ್ಟೇ ಹೈಡ್ರಾಕ್ಸೈಡ್ ಅಯಾನುಗಳನ್ನು ಎರಡೂ ಕಡೆಗೆ ಸೇರಿಸಿದರೆ ಅವು ಕೂಡಿ ನೀರಾಗುತ್ತವೆ. ತಣ್ಣನೆಯ ದುರ್ಬಲ ಕ್ಷಾರದಲ್ಲಿ ಕ್ಲೋರಿನ್ + 2 ಹೈಡ್ರಾಕ್ಸೈಡ್ → ಕ್ಲೋರೈಡ್ + ಹೈಪೋಕ್ಲೋರೈಟ್ + ನೀರು ಎಂದು ಬರುತ್ತದೆ. ಬಿಸಿಯಾದ ಪ್ರಬಲ ಕ್ಷಾರದಲ್ಲಿ ಒಂದು ಕ್ಲೋರಿನ್ ಪರಮಾಣು ಐದು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಕ್ಲೋರೇಟ್ ಆಗುವುದರಿಂದ 3 ಕ್ಲೋರಿನ್ + 6 ಹೈಡ್ರಾಕ್ಸೈಡ್ → 5 ಕ್ಲೋರೈಡ್ + ಕ್ಲೋರೇಟ್ + 3 ನೀರು ಎಂದಾಗುತ್ತದೆ.

ಪ್ರಶ್ನೆ: ಆಮ್ಲೀಯ ಪರ್ಮ್ಯಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡಿನ ಕ್ರಿಯೆಗೆ ಪುಸ್ತಕದಲ್ಲಿ 2 ಪರ್ಮ್ಯಾಂಗನೇಟಿಗೆ 5 ಪೆರಾಕ್ಸೈಡ್ ಎಂದಿದೆ. ನಾನು ಬೀಜಗಣಿತದಿಂದ ಬಿಡಿಸಿದಾಗ 2 ಪರ್ಮ್ಯಾಂಗನೇಟಿಗೆ 1 ಪೆರಾಕ್ಸೈಡ್ ಎಂದು ಬಂತು. ಪರಮಾಣುಗಳೂ ಸರಿ, ಆವೇಶವೂ ಸರಿ. ಒಂದು ಕ್ರಿಯೆಗೆ ಎರಡು ಸರಿಯುತ್ತರಗಳಿರಲು ಸಾಧ್ಯವೇ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದು. ನಿಮ್ಮ ಗಣಿತದಲ್ಲಿ ಯಾವ ತಪ್ಪೂ ಇಲ್ಲ. ಎರಡೇ ಏಕೆ, ಎಣಿಸಲಾರದಷ್ಟು ಉತ್ತರಗಳಿವೆ. ಪುಸ್ತಕದ್ದು ಇದು:

2 ಪರ್ಮ್ಯಾಂಗನೇಟ್ + 5 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನಸ್ + 5 ಆಕ್ಸಿಜನ್ + 8 ನೀರು

ನಿಮ್ಮದು ಇದು:

2 ಪರ್ಮ್ಯಾಂಗನೇಟ್ + 1 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನಸ್ + 3 ಆಕ್ಸಿಜನ್ + 4 ನೀರು

ಪೆರಾಕ್ಸೈಡನ್ನು 3 ಎಂದು ಹಿಡಿದರೆ 4 ಆಕ್ಸಿಜನ್ ಮತ್ತು 6 ನೀರು, 7 ಎಂದು ಹಿಡಿದರೆ 6 ಆಕ್ಸಿಜನ್ ಮತ್ತು 10 ನೀರು. ಇವೆಲ್ಲವೂ ಪರಮಾಣುಗಳಲ್ಲಿ ಮತ್ತು ಆವೇಶದಲ್ಲಿ ಸರಿದೂಗುತ್ತವೆ. ಕಾರಣ ಬೀಜಗಣಿತದಲ್ಲೇ ಇದೆ. ಇಲ್ಲಿ ಕಂಡುಹಿಡಿಯಬೇಕಾದ ಗುಣಾಂಕಗಳು, ಅಂದರೆ ವಸ್ತುಗಳ ಮುಂದೆ ಬರೆಯುವ ಸಂಖ್ಯೆಗಳು, ಆರು. ಅವನ್ನು ಬಿಗಿಯುವ ಷರತ್ತುಗಳು ಮ್ಯಾಂಗನೀಸ್, ಆಕ್ಸಿಜನ್, ಹೈಡ್ರೋಜನ್ ಮತ್ತು ಆವೇಶ ಎಂಬ ನಾಲ್ಕು ಮಾತ್ರ. ಇಡೀ ಸಮೀಕರಣವನ್ನು ಎರಡರಿಂದಲೋ ಮೂರರಿಂದಲೋ ಗುಣಿಸುವ ಸ್ವಾತಂತ್ರ್ಯ ಎಲ್ಲ ಸಮೀಕರಣಗಳಿಗೂ ಇರುವಂಥದ್ದು. ಅದನ್ನು ಬಿಟ್ಟರೂ ಇಲ್ಲಿ ಇನ್ನೊಂದು ಸ್ವಾತಂತ್ರ್ಯ ಉಳಿಯುತ್ತದೆ. ಪರ್ಮ್ಯಾಂಗನೇಟ್ ಮತ್ತು ಫೆರಸ್ ಅಯಾನಿನ ಕ್ರಿಯೆಯಲ್ಲಿ ಗುಣಾಂಕಗಳು ಆರೇ ಆದರೂ ಕಬ್ಬಿಣವೂ ಸೇರಿ ಷರತ್ತುಗಳು ಐದಾಗುವುದರಿಂದ ಅಲ್ಲಿ ಉತ್ತರ ಒಂದೇ.

ಹಾಗಾದರೆ ಪುಸ್ತಕದ ಉತ್ತರವನ್ನೇ ಏಕೆ ಒಪ್ಪಬೇಕು? ಎಲೆಕ್ಟ್ರಾನುಗಳು ಎಲ್ಲಿಂದ ಬಂದವೆಂದು ಹುಡುಕಿ. ಎರಡು ಪರ್ಮ್ಯಾಂಗನೇಟ್‌ಗಳಿಗೆ ಹತ್ತು ಎಲೆಕ್ಟ್ರಾನುಗಳು ಬೇಕು. ಪೆರಾಕ್ಸೈಡಿನ ಒಂದು ಅಣು ಆಕ್ಸಿಜನ್ ಆಗುವಾಗ ಎರಡನ್ನು ಮಾತ್ರ ಕೊಡಬಲ್ಲದು. ನಿಮ್ಮ ಸಮೀಕರಣದಲ್ಲಿ ಪೆರಾಕ್ಸೈಡ್ ಒಂದೇ ಇರುವುದರಿಂದ ಉಳಿದ ಎಂಟು ಎಲೆಕ್ಟ್ರಾನುಗಳನ್ನು ಬೇರೆ ಯಾರೋ ಕೊಟ್ಟಿರಬೇಕು. ಬಲಗಡೆಯ ಮೂರು ಆಕ್ಸಿಜನ್ ಅಣುಗಳಲ್ಲಿ ಆರು ಪರಮಾಣುಗಳಿವೆ, ಪೆರಾಕ್ಸೈಡಿನಿಂದ ಬಂದಿರಬಹುದಾದವು ಎರಡು. ಮಿಕ್ಕ ನಾಲ್ಕು ಪರ್ಮ್ಯಾಂಗನೇಟಿನ ಆಕ್ಸಿಜನ್ ಆಗಿರಬೇಕು, ಅವು ತಲಾ ಎರಡೆರಡು ಎಲೆಕ್ಟ್ರಾನುಗಳನ್ನು ಕೊಟ್ಟಿರಬೇಕು. ಅಂದರೆ ಪರ್ಮ್ಯಾಂಗನೇಟ್ ತನ್ನದೇ ಆಕ್ಸಿಜನನ್ನು ಉತ್ಕರ್ಷಿಸಿಕೊಂಡಿತೆಂದು ನಿಮ್ಮ ಸಮೀಕರಣ ಹೇಳುತ್ತಿದೆ. ಟೈಟ್ರೇಷನ್ನಿನ ಹೊತ್ತಿನಲ್ಲಿ ಹಾಗೆ ನಡೆಯುವುದಿಲ್ಲ. ಭಾರವಾದ ಆಕ್ಸಿಜನ್ ಐಸೋಟೋಪನ್ನು (ಅದೇ ಧಾತುವಿನ ಹೆಚ್ಚು ತೂಕದ ಪರಮಾಣುವನ್ನು) ಗುರುತಾಗಿ ಬಳಸಿ ನಡೆಸಿದ ಪ್ರಯೋಗಗಳು ಹೊರಬರುವ ಆಕ್ಸಿಜನ್ ಅನಿಲದ ಎರಡೂ ಪರಮಾಣುಗಳು ಪೆರಾಕ್ಸೈಡಿನವೇ ಎಂಬುದನ್ನು ತೋರಿಸಿವೆ.

ಏಳು ಪೆರಾಕ್ಸೈಡಿನ ಸಮೀಕರಣದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅದರಲ್ಲಿ ಐದು ಅಣುಗಳು ಪರ್ಮ್ಯಾಂಗನೇಟಿಗೆ ಎಲೆಕ್ಟ್ರಾನ್ ಕೊಡುತ್ತವೆ. ಮಿಕ್ಕ ಎರಡು ತಮ್ಮಷ್ಟಕ್ಕೆ ನೀರು ಮತ್ತು ಆಕ್ಸಿಜನ್ ಆಗಿ ಒಡೆಯುತ್ತವೆ. ಪೆರಾಕ್ಸೈಡ್ ಹಾಗೆ ಒಡೆಯುವುದು ನಿಜವಾದರೂ ಅದು ಬೇರೆಯೇ ಒಂದು ಕ್ರಿಯೆ. ಬೇರೆ ಬೇರೆ ಎರಡು ಕ್ರಿಯೆಗಳನ್ನು ಯಾವ ಪ್ರಮಾಣದಲ್ಲಿ ಕೂಡಿಸಿದರೂ ಕಳೆದರೂ ಸರಿದೂಗಿದ ಸಮೀಕರಣವೇ ಸಿಗುತ್ತದೆ. ನಿಮಗೆ ಸಿಕ್ಕಿದ ಉತ್ತರವು ಪುಸ್ತಕದ ಸಮೀಕರಣದಿಂದ ಈ ಒಡೆಯುವಿಕೆಯನ್ನು ಎರಡು ಬಾರಿ ಕಳೆದದ್ದು. ಕಾಗದದ ಮೇಲೆ ಬರೆದುಕೊಂಡು ನೋಡಿದರೆ ಸ್ಪಷ್ಟವಾಗುತ್ತದೆ.

ಅರ್ಧ ಕ್ರಿಯೆಗಳ ಮೂಲಕ ಹೋದವರಿಗೆ ಈ ಗೊಂದಲ ಎದುರಾಗುವುದೇ ಇಲ್ಲ, ಏಕೆಂದರೆ ‘ಪೆರಾಕ್ಸೈಡ್ → ಆಕ್ಸಿಜನ್ + 2 ಹೈಡ್ರೋಜನ್ ಅಯಾನು + 2 ಎಲೆಕ್ಟ್ರಾನ್’ ಎಂದು ಬರೆಯುವಾಗಲೇ ಆಕ್ಸಿಜನ್ ಅನಿಲ ಯಾವುದರಿಂದ ಬರುತ್ತದೆಂಬ ರಸಾಯನಶಾಸ್ತ್ರದ ತೀರ್ಮಾನವನ್ನು ಮಾಡಿಬಿಟ್ಟಿರುತ್ತೇವೆ. ಬೀಜಗಣಿತಕ್ಕೆ ಆ ತೀರ್ಮಾನ ಗೊತ್ತಿಲ್ಲ. ಔಷಧದಂಗಡಿಯ ಪೆರಾಕ್ಸೈಡಿನ ಪ್ರಬಲತೆಯನ್ನು ಪರ್ಮ್ಯಾಂಗನೇಟಿನಿಂದ ಅಳೆಯುವಾಗ ಎರಡಕ್ಕೆ ಐದರ ಈ ಅನುಪಾತವನ್ನೇ ನಂಬುತ್ತೇವೆ: 0.02 ಮೋಲಾರ್ ಪರ್ಮ್ಯಾಂಗನೇಟಿನ 1 ಮಿಲಿಲೀಟರ್ 1.7 ಮಿಲಿಗ್ರಾಂ ಪೆರಾಕ್ಸೈಡಿಗೆ ಸಮ. ನಿಮ್ಮ ಅನುಪಾತವನ್ನು ಹಿಡಿದಿದ್ದರೆ 3 ಶೇಕಡಾ ದ್ರಾವಣವು 0.6 ಶೇಕಡಾ ಎಂದು ಬರುತ್ತಿತ್ತು.

ಪ್ರಶ್ನೆ: ಉತ್ಕರ್ಷಣ ಸಂಖ್ಯೆಯ ವಿಧಾನ ಮತ್ತು ಅರ್ಧ ಕ್ರಿಯೆಗಳ ವಿಧಾನ, ಇವೆರಡರಲ್ಲಿ ಮಕ್ಕಳಿಗೆ ಯಾವುದನ್ನು ಮೊದಲು ಕಲಿಸಬೇಕು?
(ಶಿಕ್ಷಕರು, ಕುಂದಾಪುರ)

ಉತ್ತರ: ನೀರಿನಲ್ಲಿ ನಡೆಯುವ ಕ್ರಿಯೆಗಳಿಗೆ ಅರ್ಧ ಕ್ರಿಯೆಗಳನ್ನೇ ಮೊದಲು ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆವೇಶ ನಿಜವಾಗಿ ಇರುವಂಥದ್ದು, ಅಳೆಯಬಹುದಾದದ್ದು. ಉತ್ಕರ್ಷಣ ಸಂಖ್ಯೆ ನಾವು ಕೆಲವು ನಿಯಮಗಳಿಂದ ಪರಮಾಣುವಿಗೆ ಹಚ್ಚಿದ ಅಂಕಿ. ಥಯೋಸಲ್ಫೇಟ್ ಅಯೋಡಿನಿನೊಡನೆ ವರ್ತಿಸಿ ಟೆಟ್ರಾಥಯೋನೇಟ್ ಆಗುವ ಕ್ರಿಯೆಯನ್ನು ತೆಗೆದುಕೊಳ್ಳಿ. ಉತ್ಕರ್ಷಣ ಸಂಖ್ಯೆಯಿಂದ ಹೊರಟರೆ ಗಂಧಕ 2ರಿಂದ 2.5ಕ್ಕೆ ಏರಿತೆಂದು ಹೇಳಬೇಕಾಗುತ್ತದೆ, ಅರ್ಧ ಎಲೆಕ್ಟ್ರಾನ್ ಹೇಗೆ ಹೋಯಿತು ಎಂದು ಮಗು ಕೇಳುತ್ತದೆ, ಆ ಪ್ರಶ್ನೆ ನ್ಯಾಯವಾದದ್ದೇ. ಅರ್ಧ ಕ್ರಿಯೆಯಲ್ಲಿ ಆ ತೊಡಕಿಲ್ಲ. ಎರಡು ಥಯೋಸಲ್ಫೇಟ್‌ಗಳ ಒಟ್ಟು ಆವೇಶ ನಾಲ್ಕು ಋಣ, ಟೆಟ್ರಾಥಯೋನೇಟಿನದು ಎರಡು ಋಣ, ಆದ್ದರಿಂದ ಹೊರಬಂದವು ಎರಡು ಎಲೆಕ್ಟ್ರಾನುಗಳು. ಒಂದು ಅಯೋಡಿನ್ ಅಣು ಅವೆರಡನ್ನೂ ಪಡೆದು ಎರಡು ಅಯೋಡೈಡ್ ಆಗುತ್ತದೆ. ಗಂಧಕದ ಸಂಖ್ಯೆಯನ್ನು ಕೇಳುವ ಅಗತ್ಯವೇ ಬರಲಿಲ್ಲ.

ಹಾಗೆಂದು ಉತ್ಕರ್ಷಣ ಸಂಖ್ಯೆಯನ್ನು ಬಿಡಬೇಕಿಲ್ಲ. ಉದ್ದನೆಯ ಸಮೀಕರಣದಲ್ಲಿ ಬದಲಾಗುತ್ತಿರುವ ಧಾತು ಯಾವುದೆಂದು ಗುರುತಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ನೀರೇ ಇಲ್ಲದ ಕ್ರಿಯೆಗಳಲ್ಲಿ ಅದೇ ಸಹಜವಾದ ದಾರಿ. ಪಣಂಬೂರಿನ ಹೆಸರಿನೊಡನೆ ಕರಾವಳಿಯ ಮಕ್ಕಳು ಕೇಳಿರುವ ಊದುಕುಲುಮೆಯಲ್ಲಿ ಕಬ್ಬಿಣದ ಅದಿರನ್ನು ಕಾರ್ಬನ್ ಮೋನಾಕ್ಸೈಡ್ ಅಪಕರ್ಷಿಸುತ್ತದೆ. ಅಲ್ಲಿ ಹೈಡ್ರೋಜನ್ ಅಯಾನುಗಳನ್ನು ಬರೆಯುವುದು ಅಸಂಬದ್ಧ. ಕಬ್ಬಿಣದ ಎರಡು ಪರಮಾಣುಗಳು ತಲಾ ಮೂರು ಅಂಶ ಇಳಿಯುತ್ತವೆ, ಕಾರ್ಬನ್ ಎರಡು ಅಂಶ ಏರುತ್ತದೆ, ಆದ್ದರಿಂದ ಒಂದು ಫೆರಿಕ್ ಆಕ್ಸೈಡಿಗೆ ಮೂರು ಕಾರ್ಬನ್ ಮೋನಾಕ್ಸೈಡ್. ಎರಡು ಸಾಲಿನಲ್ಲಿ ಮುಗಿಯಿತು.

ಪ್ರಶ್ನೆ: ದೋಣಿಯ ಫ್ಯಾನಿನ (ಪ್ರೊಪೆಲ್ಲರಿನ) ಬಳಿ ಬೋಲ್ಟ್ ಹಾಕಿ ಕೂರಿಸುವ ಜಿಂಕ್ ತುಂಡು ಸವೆದುಹೋಗುತ್ತಲೇ ಇರುತ್ತದೆ. ಅದು ಕಬ್ಬಿಣವನ್ನು ಹೇಗೆ ಕಾಯುತ್ತದೆ? ಸವೆಯದಂತೆ ಅದಕ್ಕೆ ಪೇಂಟ್ ಹಚ್ಚಬಹುದೇ?
(ಮೀನುಗಾರರು, ಮಲ್ಪೆ)

ಉತ್ತರ: ಸಮುದ್ರದ ನೀರಿನಲ್ಲಿ ಕರಗಿರುವ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳದೆ ಬಿಡುವುದಿಲ್ಲ. ಜಿಂಕ್ ಇಲ್ಲದಿದ್ದರೆ ಅವು ಕಬ್ಬಿಣದಿಂದ ಹೋಗುತ್ತವೆ, ಕಬ್ಬಿಣ ತುಕ್ಕಾಗುತ್ತದೆ. ಜಿಂಕ್ ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಕೊಡುವ ಲೋಹವಾದ್ದರಿಂದ ಎರಡನ್ನೂ ಲೋಹಕ್ಕೆ ಲೋಹ ತಾಗುವಂತೆ ಜೋಡಿಸಿದಾಗ ಆಕ್ಸಿಜನ್ನಿಗೆ ಬೇಕಾದ ಎಲೆಕ್ಟ್ರಾನುಗಳನ್ನು ಜಿಂಕ್ ಒದಗಿಸುತ್ತದೆ.

2 ಜಿಂಕ್ + ಆಕ್ಸಿಜನ್ + 2 ನೀರು → 2 ಜಿಂಕ್ ಅಯಾನು + 4 ಹೈಡ್ರಾಕ್ಸೈಡ್

ಜಿಂಕಿನ ಪ್ರತಿ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಕೊಡುವುದರಿಂದ ಒಂದು ಕಿಲೋ ಜಿಂಕ್ ಹೆಚ್ಚೆಂದರೆ ಸುಮಾರು 820 ಆಂಪಿಯರ್-ಗಂಟೆಗಳಷ್ಟು ವಿದ್ಯುತ್ ಒದಗಿಸಬಲ್ಲದು. ಸವೆಯುವುದೇ ಅದರ ಕೆಲಸ. ಸವೆಯದೆ ಹೊಳೆಯುತ್ತಲೇ ಇದ್ದರೆ ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಸೇರಿ ಸಂಪರ್ಕ ಕಡಿದಿರಬಹುದೆಂದು ಅನುಮಾನಿಸಬೇಕು. ಪೇಂಟ್ ಹಚ್ಚಿದರೆ ಜಿಂಕಿಗೆ ನೀರು ತಾಗುವುದಿಲ್ಲ, ಅಯಾನುಗಳು ಹೊರಡಲಾರವು, ಎಲೆಕ್ಟ್ರಾನುಗಳ ಹೊರೆ ಮತ್ತೆ ಕಬ್ಬಿಣದ ಮೇಲೆ ಬೀಳುತ್ತದೆ. ದೋಣಿಯನ್ನು ದಡಕ್ಕೆ ಎಳೆದಾಗ ಹಲಗೆಗೂ ಕಬ್ಬಿಣಕ್ಕೂ ಬಣ್ಣ ಬಳಿಯಿರಿ, ಜಿಂಕ್ ತುಂಡನ್ನು ಮಾತ್ರ ಬಿಟ್ಟು. ಅದನ್ನು ತಂತಿಯ ಬ್ರಷ್‌ನಿಂದ ಉಜ್ಜಿ, ಅರ್ಧ ಸವೆದಿದ್ದರೆ ಹೊಸದನ್ನು ಹಾಕಿ, ಬೋಲ್ಟ್ ಕೂರುವ ಜಾಗವನ್ನು ಲೋಹ ಕಾಣುವಷ್ಟು ಕೆರೆದು ಬಿಗಿಯಿರಿ.